ಜನ ಜಾಸ್ತಿ ಆಗಿದ್ದಕ್ಕೆ ಹೊಗೆ ಅಲ್ಲ, ಗುರು

(1)
ಗಾಳಿ ಬಗ್ಗೆ ಏನೇ ಹಾಕಿದ್ರೂ ಕಾಮೆಂಟಲ್ಲಿ ಬರೋದು ಎರಡೇ ಡೈಲಾಗ್. ಒಂದು, "ಬೆಂಗಳೂರಿಗೆ ಜನ ತುಂಬ್ಕೊಂಡ್ರು, ಅದಕ್ಕೇ ಹಾಳಾಯ್ತು." ಇನ್ನೊಂದು, "ದೆಹಲಿಗಿಂತ ವಾಸಿ ಬಿಡಪ್ಪ."

ಎರಡನೇದನ್ನ ಬೇಗ ಮುಗಿಸ್ತೀನಿ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿದ್ದೀವಿ. ಗಾಳಿ ಬೀಸುತ್ತೆ, ಹೊಗೆ ಚದುರುತ್ತೆ. ಚಳಿಗಾಲದ ದೆಹಲಿಗೆ ಆ ಅದೃಷ್ಟ ಇಲ್ಲ. ಇದು ಭೂಗೋಳ ಕೊಟ್ಟ ಡಿಸ್ಕೌಂಟ್, ನಮ್ಮ ಸಾಧನೆ ಅಲ್ಲ. ಪಿಎಂ 2.5 ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 40! ಜಸ್ಟ್ ಪಾಸಾದವನು ಫೇಲಾದವನನ್ನ ನೋಡಿ ನಕ್ಕ ಹಾಗಾಯ್ತು.

(2)
ಈಗ "ಜನ ಜಾಸ್ತಿ" ವಾದ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯ್ತು. ಮಿತಿ ದಾಟಿದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. 2011ರ ಜನಗಣತಿಯಲ್ಲಿ ದಾವಣಗೆರೆಗೆ ನಾಲ್ಕೂವರೆ ಲಕ್ಷ ಜನಾನೂ ಇರಲಿಲ್ಲ. ಅದರ ಹೆಚ್ಚುಕಮ್ಮಿ ಎರಡರಷ್ಟಿರೋ ಮೈಸೂರು ಆ ಪಟ್ಟಿಯಲ್ಲೇ ಇಲ್ಲ. ತಲೆ ಎಣಿಸಿದ್ರೆ ಹೊಗೆ ಲೆಕ್ಕ ಸಿಗುತ್ತೆ ಅನ್ನೋರು ಇದಕ್ಕೆ ಉತ್ತರ ಕೊಡಿ.

ಇನ್ನೊಂದು ಜೋಡಿ ನೋಡಿ. 1990ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಸುಮಾರು 25 ಲಕ್ಷ ಜನ, ಸ್ಪೇನಿನ ಬಾರ್ಸಿಲೋನಾದಲ್ಲಿ 28 ಲಕ್ಷ. ಅಟ್ಲಾಂಟಾ ಹರಡಿದ್ದು 4,280 ಚದರ ಕಿ.ಮೀ., ಬಾರ್ಸಿಲೋನಾ ಬರೀ 162. ಹಾಲು ತರೋಕೂ ಕಾರು ತೆಗೀಬೇಕಾದ ಊರು ಯಾವುದು ಅಂತ ನಾನು ಬಿಡಿಸಿ ಹೇಳಬೇಕಾ?

(3)
ನಮ್ಮದು ಯಾವ ದಾರಿ? 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು. ಬೋರ್ಡ್ ಬದಲಾಯ್ತು, ರಸ್ತೆ ಬದಲಾಗಲಿಲ್ಲ. ಸರ್ಜಾಪುರ, ವರ್ತೂರು ಕಡೆ ಹೋಗಿ ನೋಡಿ. ಹಳ್ಳಿ ದಾರಿ ಅಷ್ಟೇ ಅಗಲ, ಎರಡೂ ಕಡೆ ಅಪಾರ್ಟ್‌ಮೆಂಟ್. ಪ್ರತಿ ಲೇಔಟ್‌ಗೂ ಕಾಂಪೌಂಡ್, ಒಂದೇ ಗೇಟ್. ಗೋಡೆ ಆಚೆ ಇರೋ ಅಂಗಡಿಗೆ ಹೋಗೋಕೂ ಮೇನ್ ರೋಡಿಗೆ ಬಂದು ಸುತ್ತಬೇಕು. ಎಲ್ಲರೂ ಅದೇ ಒಂದು ರೋಡಿಗೆ ಬಂದು ಸೆಕೆಂಡ್ ಗೇರಲ್ಲಿ ತೆವಳ್ತಾರೆ. ನಿಂತು ನಿಂತು ಹೋಗೋ ಎಂಜಿನ್ ಅದೇ ದೂರಕ್ಕೆ ಹೆಚ್ಚು ಪೆಟ್ರೋಲ್ ಕುಡಿಯುತ್ತೆ, ಹೆಚ್ಚು ಉಗುಳುತ್ತೆ. ಫುಟ್‌ಪಾತ್ ಇಲ್ಲದ ಕಡೆ ಏಳೋ ಮಣ್ಣಿನ ಧೂಳು ಬೇರೆ.

ಮಲ್ಲೇಶ್ವರ, ಬಸವನಗುಡಿ ನೋಡಿ. 1898ರ ಪ್ಲೇಗ್ ಆದ್ಮೇಲೆ ಗಾಳಿ ಬೆಳಕು ಬೇಕು ಅಂತಾನೇ ಪ್ಲ್ಯಾನ್ ಮಾಡಿ ಕಟ್ಟಿದ್ದು. ಕ್ರಾಸ್, ಮೇನ್, ಕ್ರಾಸ್, ಮೇನ್. ಒಂದು ಬ್ಲಾಕ್ ಆದ್ರೆ ಪಕ್ಕದ ರಸ್ತೆಯಲ್ಲಿ ಹೋಗಬಹುದು. ತರಕಾರಿಗೆ, ದೇವಸ್ಥಾನಕ್ಕೆ ನಡ್ಕೊಂಡೇ ಹೋಗಬಹುದು. (ಅಲ್ಲೂ ಈಗ ಟ್ರಾಫಿಕ್ ಇದೆ, ಗೊತ್ತು. ಅದರಲ್ಲಿ ಎಷ್ಟೋ ಬೇರೆ ಏರಿಯಾದವ್ರು ಹಾದುಹೋಗೋದು.)

(4)
"ಹಾಗಾದ್ರೆ ಎಲ್ಲರನ್ನೂ ಒತ್ತೊತ್ತಾಗಿ ತುಂಬಿಸಿಬಿಡೋಣವಾ?" ಪ್ರಶ್ನೆ ಸರಿಯಾಗಿದೆ. ಒತ್ತಾಗಿ ಇದ್ರೆ ತಲೆಗೆ ಲೆಕ್ಕ ಹಾಕಿದಾಗ ಹೊಗೆ ಕಮ್ಮಿ ಆಗಬಹುದು, ಆದ್ರೆ ಇರೋ ಹೊಗೆ ಹೆಚ್ಚು ಜನರ ಮೂಗಿಗೆ ಹತ್ತಿರ ಬರುತ್ತೆ. ಕಿರಿದಾದ ರಸ್ತೆಯ ಎರಡೂ ಕಡೆ ಎತ್ತರದ ಕಟ್ಟಡ ಇದ್ರೆ ಹೊಗೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಅದಕ್ಕೇ ಬಸ್ಸು, ಮೆಟ್ರೋ, ಫುಟ್‌ಪಾತ್ ಇಲ್ಲದೆ ಬರೀ ಮಹಡಿ ಏರಿಸೋಕೆ ಪರ್ಮಿಷನ್ ಕೊಡೋದು ಮೋಸ. ಮೊದಲ ಮೆಟ್ರೋ ಓಡಿದ್ದು 2011ರಲ್ಲಿ, ವೈಟ್‌ಫೀಲ್ಡ್ ಲೈನ್ ಪೂರ್ತಿ ಆಗಿದ್ದು 2023ರಲ್ಲಿ. ಐಟಿ ಪಾರ್ಕ್ ಬಂದು ಎಷ್ಟು ವರ್ಷ ಆದ್ಮೇಲೆ ಅಂತ ನಿಮ್ಮ ಅಪ್ಪ ಅಮ್ಮನ್ನ ಕೇಳಿ. ಅಷ್ಟರಲ್ಲಿ ಜನ ಗಾಡಿ ತಗೊಂಡಾಗಿತ್ತು. ನಗರದಲ್ಲಿ ನೋಂದಣಿಯಾದ ವಾಹನ 1 ಕೋಟಿ ದಾಟಿದೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ ಬೇಕಂತೆ. ಬಿಕಾಂ ಓದೋ ನನಗೇ ಗೊತ್ತಾಗೋ ಲೆಕ್ಕ ಇದು: ರಸ್ತೆ ಜಾಸ್ತಿ ಕೊಟ್ರೆ ಕಾರು ಜಾಸ್ತಿ ಬರುತ್ತೆ. ಸುರಂಗದೊಳಗಿನ ಹೊಗೆ ಆವಿಯಾಗಿಬಿಡಲ್ಲ, ಗಾಳಿ ಕೊಳವೆಯಿಂದ, ಸುರಂಗದ ಬಾಯಿಂದ ಯಾರದೋ ಏರಿಯಾಗೆ ಹೊರಗೆ ಬರುತ್ತೆ. ಆ ಏರಿಯಾದವ್ರು ಯಾರು, ಅವರನ್ನ ಯಾರಾದ್ರೂ ಕೇಳಿದ್ರಾ?

#ಬೆಂಗಳೂರು #ಗಾಳಿ #ಬಸ್‌ಬೇಕು