ಜೆಸಿಕಾಳ ಪ್ರಶ್ನೆ

ಜಪಾನಿನ ‘ಲೆಜೆಂಡ್ ಆಫ್ ದ ಗ್ಯಾಲಕ್ಟಿಕ್ ಹೀರೋಸ್’ ಎಂಬ ಅನಿಮೆ ಸರಣಿಯನ್ನು ಮೆಚ್ಚುವವರಲ್ಲಿ ನಾನೂ ಒಬ್ಬಳು. 1988ರಿಂದ 1997ರವರೆಗೆ 110 ಕಂತು ಬಂದ ಈ ಅಂತರಿಕ್ಷ ಯುದ್ಧದ ಕಥೆ, ಒಳ್ಳೆಯ ಅರಸೊತ್ತಿಗೆ ಮೇಲೋ, ಕೆಟ್ಟ ಪ್ರಜಾಪ್ರಭುತ್ವ ಮೇಲೋ ಎಂದು ಎರಡೂ ಪಕ್ಷಕ್ಕೆ ನ್ಯಾಯವಾಗಿ ಕೇಳುತ್ತದೆ. ಆದರೆ ಹೆಂಗಸರ ವಿಷಯದಲ್ಲಿ ಈ ನ್ಯಾಯ ಎಲ್ಲಿ ಹೋಯಿತು? ಅಕ್ಕನನ್ನು ಚಕ್ರವರ್ತಿ ಅಂತಃಪುರಕ್ಕೆ ಒಯ್ದನೆಂದು ತಮ್ಮ ರೈನ್‌ಹಾರ್ಡ್ ಸಿಂಹಾಸನವನ್ನೇ ಕಿತ್ತುಕೊಳ್ಳುತ್ತಾನೆ. ಅಕ್ಕನ ಪಾಲಿಗೆ ಉಳಿದದ್ದು ಮೌನ. ಮದುವೆಯಾಗಬೇಕಿದ್ದವನನ್ನು ಯುದ್ಧದಲ್ಲಿ ಕಳೆದುಕೊಂಡ ಜೆಸಿಕಾ, ಯುದ್ಧವನ್ನು ಹೊಗಳುವ ನೀವು ಎಲ್ಲಿದ್ದೀರಿ ಎಂದು ತುಂಬಿದ ಸಭೆಯಲ್ಲೇ ರಾಜಕಾರಣಿಯನ್ನು ಕೇಳುತ್ತಾಳೆ. ಇಡೀ ಸರಣಿಯಲ್ಲಿ ಇದಕ್ಕಿಂತ ಗಟ್ಟಿ ಮಾತಿಲ್ಲ. ಅಂಥವಳನ್ನು ಸೈನಿಕರಿಂದ ಬೇಗನೆ ಕೊಲ್ಲಿಸಿ, ಕಥೆ ಮತ್ತೆ ಸೇನಾಪತಿಗಳ ಜಾಣ್ಮೆಯನ್ನು ಕೊಂಡಾಡುತ್ತದೆ. ಸಾವಿರಾರು ಹಡಗುಗಳ ಲೆಕ್ಕವಿಟ್ಟವರು ಅವಳ ಪ್ರಶ್ನೆಗೂ ಉತ್ತರ ಹೇಳಬೇಕಿತ್ತು.