ಹಸುವಿನ ಮುಖದ ಜೂಲಿಯೆಟ್ ಮತ್ತು ನಾವು

ಹೋದ ತಿಂಗಳು ಗೆಳೆಯನ ಕೋಣೆಯಲ್ಲಿ ಐದು ಮಂದಿ ಕೂತು ‘ಟ್ರೋಮಿಯೋ ಅಂಡ್ ಜೂಲಿಯೆಟ್’ ಎಂಬ ಸಿನಿಮಾ ನೋಡಿದೆವು. 1996ರದು. ನ್ಯೂಯಾರ್ಕಿನ ಟ್ರೋಮಾ ಎಂಬ ಸಣ್ಣ ಕಂಪನಿ ತೆಗೆದದ್ದು, ನಿರ್ದೇಶಕ ಲಾಯ್ಡ್ ಕೌಫ್‌ಮನ್. ಅವರ ಜೊತೆ ಚಿತ್ರಕಥೆ ಬರೆದ ಜೇಮ್ಸ್ ಗನ್ನೇ ಮುಂದೆ 2025ರ ‘ಸೂಪರ್‌ಮ್ಯಾನ್’ ತೆಗೆದದ್ದು. ಖರ್ಚು ಸುಮಾರು ಮೂರೂವರೆ ಲಕ್ಷ ಡಾಲರು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಹಾದ ಖರ್ಚು! ಷೇಕ್ಸ್‌ಪಿಯರನ ಸಾಲುಗಳ ನಡುನಡುವೆ ರಕ್ತ ಚಿಮ್ಮುತ್ತದೆ. ಮದ್ದು ಕುಡಿದ ಜೂಲಿಯೆಟ್ಟಿಗೆ ಹಸುವಿನ ಮುಖ ಬರುತ್ತದೆ. ಕೊನೆಗೆ ಪ್ರೇಮಿಗಳಿಬ್ಬರೂ ಒಡಹುಟ್ಟಿದವರೆಂದು ಗೊತ್ತಾಗುತ್ತದೆ. ಗೊತ್ತಾದರೂ ಸಾಯುವುದಿಲ್ಲ, ಮದುವೆಯಾಗಿ ಸಂಸಾರ ಹೂಡುತ್ತಾರೆ.

ನಾವು ಹೋ ಎಂದು ನಕ್ಕೆವು. ಒಬ್ಬ ‘ಛೀ’ ಅಂದ. ಆಮೇಲೆ ಬೀದಿಗಿಳಿದು ಇರಾನಿ ಚಹಾ ಕುಡಿದು ಬಂದು ಮಲಗಿದೆವು. ಯಾರ ನಿದ್ದೆಯೂ ಕೆಡಲಿಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿ.

ಬಳಗದಲ್ಲಿ ಈ ಮಾತೆತ್ತಿದಾಗ ಎರಡು ಪಂಗಡವಾಯಿತು. ಮಹಾಕವಿಗೆ ಅಪಚಾರವಾಯಿತು ಅಂದವರು ಕೆಲವರು. ಜನಕ್ಕೆ ಷಾಕ್ ಕೊಡೋದೇ ಕಲೆಯ ಕೆಲಸ ಅಂದವರು ಇನ್ನು ಕೆಲವರು. ನಾನು ಎರಡೂ ಕಡೆಯವನಲ್ಲ. ಕಾಮರ್ಸ್ ಓದೋನಿಗೆ ಈ ಉಸಾಬರಿ ಯಾಕಪ್ಪಾ ಎಂದು ಕೇಳಬೇಡಿ. ಕಾಚಿಗುಡದಲ್ಲಿ ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಹ್ಯಾಮ್ಲೆಟ್ ನನಗೆ ಮೊದಲು ಸಿಕ್ಕಿದ್ದು ಡೆನ್ಮಾರ್ಕಿನಲ್ಲಲ್ಲ, ಕುವೆಂಪು ಅವರ ‘ರಕ್ತಾಕ್ಷಿ’ಯ ಬಿದನೂರಿನಲ್ಲಿ. ಆದ್ದರಿಂದ ಷೇಕ್ಸ್‌ಪಿಯರನನ್ನು ಮುಟ್ಟಬಾರದು ಎಂಬ ಮಡಿ ನನಗಿಲ್ಲ.

ಮಡಿಯವರಿಗೆ ಮೊದಲು ಒಂದು ಮಾತು. ರಕ್ತ ಚೆಲ್ಲುವುದನ್ನು ಕಲಿಸಿದವನೇ ಆ ಮಹಾಕವಿ. ‘ಟೈಟಸ್ ಆಂಡ್ರೋನಿಕಸ್’ ನಾಟಕದಲ್ಲಿ ಮಕ್ಕಳನ್ನು ಕೊಂದು, ಅಡುಗೆ ಮಾಡಿ ಹೆತ್ತ ತಾಯಿಗೇ ಬಡಿಸುತ್ತಾರೆ. 2014ರಲ್ಲಿ ಲಂಡನ್ನಿನ ಗ್ಲೋಬ್‌ನಲ್ಲಿ ಇದನ್ನು ಆಡಿದಾಗ ಪ್ರೇಕ್ಷಕರು ಮೂರ್ಛೆ ಬಿದ್ದರು. ‘ಲಿಯರ್’ನಲ್ಲಿ ಮುದುಕನೊಬ್ಬನ ಕಣ್ಣನ್ನು ರಂಗದ ಮೇಲೇ ಕೀಳುತ್ತಾರೆ. ಇನ್ನು ಕೊನೆ ಬದಲಿಸಿದ ಪಾಪವೇ? 1681ರಲ್ಲಿ ನೇಹಮ್ ಟೇಟ್ ಎಂಬ ಕವಿ ‘ಲಿಯರ್’ನ ಕಾರ್ಡೀಲಿಯಾಳನ್ನು ಬದುಕಿಸಿ ಮದುವೆ ಮಾಡಿಸಿದ. ನೂರೈವತ್ತು ವರ್ಷ ಇಂಗ್ಲೆಂಡಿನ ಜನ ನೋಡಿದ್ದು ಆ ಲಿಯರನ್ನೇ. ನಮ್ಮಲ್ಲಿ 1889ರಲ್ಲಿ ಆನಂದರಾಯರು ರೋಮಿಯೋ ಕಥೆಯನ್ನು ‘ರಾಮವರ್ಮ ಲೀಲಾವತಿ’ ಎಂದು ಕನ್ನಡಕ್ಕೆ ತಂದಾಗ, ಸತ್ತ ಪ್ರೇಮಿಗಳನ್ನು ಸಾಕ್ಷಾತ್ ವಿಷ್ಣುವೇ ಬಂದು ಎಬ್ಬಿಸುತ್ತಾನೆ. ಇದನ್ನು ಹೇಳಿದಾಗ ಕಲಬುರಗಿ ಕಡೆಯ ನಮ್ಮಜ್ಜಿ ನಗಲಿಲ್ಲ. “ಮತ್ತೇನ್ ಮಾಡಬೇಕ್ರಿ, ಸಣ್ಣ ಹುಡುಗ್ರು ಸತ್ತದ್ ನೋಡಿ ಮಂದಿ ಮನೀಗಿ ಹ್ಯಾಂಗ ಹೋಗ್ತಾರ?” ಅಂದರು.

ಈಗ ಷಾಕ್ ಪಂಗಡದವರಿಗೆ. ನಮ್ಮ ಲೆಕ್ಕಶಾಸ್ತ್ರದಲ್ಲಿ ಸವಕಳಿ ಅಂತ ಒಂದಿದೆ. ಕೊಂಡ ಯಂತ್ರದ ಬೆಲೆ ವರ್ಷವರ್ಷಕ್ಕೆ ಇಳಿಯುತ್ತದೆ. ಅಸಹ್ಯದ ಬೆಲೆ ಅದಕ್ಕಿಂತ ಬೇಗ ಇಳಿಯುತ್ತದೆ. ಮೊದಲ ಸಲ ಕಿರುಚುತ್ತೀರಿ, ಎರಡನೇ ಸಲ ನಗುತ್ತೀರಿ, ಮೂರನೇ ಸಲ ಆಕಳಿಸುತ್ತೀರಿ. ಅದೇ ಕೌಫ್‌ಮನ್ 2020ರಲ್ಲಿ ‘ಟೆಂಪೆಸ್ಟ್’ಗೆ ಕೈ ಹಾಕಿದಾಗ ತಿಮಿಂಗಿಲಗಳ ಮಲವನ್ನೇ ಮಳೆಗರೆಸಬೇಕಾಯಿತು. ಸವಕಳಿ ತುಂಬಿಕೊಳ್ಳಲು ಹೊಸ ಬಂಡವಾಳ! ಈ ಅಂಗಡಿ ಎಷ್ಟು ದಿನ ನಡೆದೀತು?

ಹಾಗಾದರೆ ಷಾಕ್ ಎಲ್ಲಿದೆ? ದೂರ ಹೋಗಬೇಕಿಲ್ಲ. 2018ರ ಸೆಪ್ಟೆಂಬರಿನಲ್ಲಿ ನಲ್ಗೊಂಡ ಜಿಲ್ಲೆಯ ಮಿರ್ಯಾಲಗುಡದಲ್ಲಿ, ಜಾತಿ ಮೀರಿ ಮದುವೆಯಾದ ತರುಣನೊಬ್ಬನನ್ನು ಗರ್ಭಿಣಿ ಹೆಂಡತಿಯ ಎದುರೇ, ಆಸ್ಪತ್ರೆಯ ಹೊರಗೆ, ಸುಪಾರಿ ಕೊಟ್ಟು ಕೊಲ್ಲಿಸಲಾಯಿತು. 2025ರ ಮಾರ್ಚಿನಲ್ಲಿ ನಲ್ಗೊಂಡದ ಕೋರ್ಟು ಒಬ್ಬನಿಗೆ ಮರಣದಂಡನೆ, ಆರು ಮಂದಿಗೆ ಜೀವಾವಧಿ ವಿಧಿಸಿತು. 2022ರ ಮೇ ತಿಂಗಳಲ್ಲಿ ನಮ್ಮ ಹೈದರಾಬಾದಿನಲ್ಲೇ, ಸರೂರ್‌ನಗರದ ನಡುಬೀದಿಯಲ್ಲಿ, ಧರ್ಮ ಮೀರಿ ಮದುವೆಯಾದ ಇನ್ನೊಬ್ಬನನ್ನು ಹೆಂಡತಿಯ ಕಣ್ಣೆದುರೇ ಹೊಡೆದು ಕೊಂದರು. ಸುತ್ತ ನಿಂತವರು ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದರು. ಆ ಚಿತ್ರಕ್ಕೆ ಬಿದ್ದ ಖರ್ಚೆಷ್ಟು? ಸೊನ್ನೆ. ಅದನ್ನು ನಾವೆಲ್ಲ ನೋಡಿದೆವು. ನೋಡಿ, ಮುಂದಿನದಕ್ಕೆ ಬೆರಳು ಸರಿಸಿದೆವು. ಇಂಥ ನಮಗೆ ಹಸುವಿನ ಮುಖ ತೋರಿಸಿ ಯಾರು ತಾನೇ ಏನು ಬೆಚ್ಚಿಸಿಯಾರು?

ನಾಗರಾಜ ಮಂಜುಳೆಯವರ 2016ರ ಮರಾಠಿ ‘ಸೈರಾಟ್’ ನೆನಪಿಸಿಕೊಳ್ಳಿ. ಕೊಲ್ಲುವುದನ್ನು ತೋರಿಸುವುದಿಲ್ಲ. ಸದ್ದೇ ನಿಂತುಹೋಗುತ್ತದೆ. ಪುಟ್ಟ ಮಗುವೊಂದು ನಡೆದುಹೋಗುತ್ತದೆ, ಅದರ ಹೆಜ್ಜೆ ಕೆಂಪಾಗಿ ಮೂಡುತ್ತದೆ, ಅಷ್ಟೆ. ಅಂದು ರಾತ್ರಿ ನಾನು ಚಹಾ ಕುಡಿಯಲಿಲ್ಲ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಒಂದು ಮಾತು ಮುಚ್ಚಿಟ್ಟರೆ ಅಪ್ರಾಮಾಣಿಕನಾಗುತ್ತೇನೆ. ಆ ದಿನ ಕೋಣೆಯಲ್ಲಿದ್ದ ಐವರಲ್ಲಿ ಒಬ್ಬ ನಗಲಿಲ್ಲ. ಅವನು ಪ್ರೀತಿಸುವ ಹುಡುಗಿಯ ಜಾತಿ ಬೇರೆ. ಎರಡು ಮನೆಗೂ ಇನ್ನೂ ಗೊತ್ತಿಲ್ಲ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ಸಿನಿಮಾ ಮುಗಿದ ಮೇಲೆ ಅವನು ಹೇಳಿದ್ದು ಇಷ್ಟೇ: “ಏನೇ ಹೇಳ್ರೋ, ಇಬ್ರೂ ಬದುಕಿದ್ರಲ್ಲ.”

ಆಗ ಅಜ್ಜಿಯ ಮಾತು ನೆನಪಾಯಿತು, ವಿಷ್ಣುವೂ ನೆನಪಾದ. ಪ್ರೇಮಿಗಳು ಸತ್ತರೆ ಕಣ್ಣೀರು ಹಾಕಿ ಮನೆಗೆ ಹೋಗುವುದು ನಮಗೆ ರೂಢಿಯಾಗಿದೆ. ಅವರು ಬದುಕಿಬಿಟ್ಟರೆ ಏನು ಮಾಡುತ್ತೇವೆ? ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ಏನೆಂದು ಕರೆಯುತ್ತೇವೆ? ಹಬ್ಬಕ್ಕೆ ಊಟಕ್ಕೆ ಕೂರಿಸುತ್ತೇವೆಯೆ?

ಬಳಗ ಈ ವರ್ಷ ನಾಟಕ ಆಡುವುದಾದರೆ ನನ್ನ ಸಲಹೆ ಇದು. ರೋಮಿಯೋ ಕಥೆಯನ್ನೇ ಎತ್ತಿಕೊಳ್ಳೋಣ. ನಮ್ಮ ಹತ್ತಿರ ದುಡ್ಡಿಲ್ಲ, ಅದು ಒಳ್ಳೆಯದೇ. ಕೆಂಪು ಬಣ್ಣ ಕೊಳ್ಳುವುದು ಬೇಡ, ವಿಷ್ಣುವಿಗೆ ಕಿರೀಟವೂ ಬೇಡ. ಹುಡುಗ ಹುಡುಗಿ ಬದುಕಿ, ಇದೇ ಊರಿನಲ್ಲಿ ಒಂದು ಕೋಣೆ ಹಿಡಿದು, ತಿಂಗಳ ಕೊನೆಗೆ ಬಾಡಿಗೆ ಸಾಲದೆ ಜಗಳಾಡಲಿ. ನಮ್ಮ ಅಪ್ಪ ಅಮ್ಮಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಯಾರಿಗೆ ಎಷ್ಟು ಷಾಕ್ ಹೊಡೆಯುತ್ತದೋ ಆಗ ನೋಡೋಣ.

ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಜಗಳಕ್ಕೆ ಬನ್ನಿ.