ಪರ್ಮಿಟ್ ರೂಮಿನ ಕುರ್ಚಿ

ಕುರ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಐದು ನಿಮಿಷ ನಡೆದರೆ ಒಂದು ಪರ್ಮಿಟ್ ರೂಮ್ ಸಿಗುತ್ತದೆ. ಹೆಸರು ಬೇಡ. ಸಂಜೆ ಏಳೂಮುಕ್ಕಾಲಕ್ಕೆ ಅದರ ಬಾಗಿಲು ತಳ್ಳಿಕೊಂಡು ಬರುತ್ತಿದ್ದ ಒಬ್ಬ ಗಿರಾಕಿಯನ್ನು ನಾನು ಹತ್ತು-ಹನ್ನೆರಡು ವರ್ಷ ನೋಡಿದ್ದೇನೆ. ಗೋಡೆ ಬದಿಯ ಮೂರನೆಯ ಟೇಬಲ್ಲು ಅವರದು. ಅವರು ಬಾಯಿ ತೆರೆಯುವ ಮುಂಚೆಯೇ ಸಪ್ಲೈಯರ್ ಒಂದು ಕ್ವಾರ್ಟರ್, ಒಂದು ಸೋಡಾ, ಬೇಯಿಸಿದ ಕಡಲೆಗೆ ಈರುಳ್ಳಿ ಹೆಚ್ಚಿಹಾಕಿ ನಿಂಬೆ ಹಿಂಡಿದ ಚಖಣಾದ ತಟ್ಟೆ ಇಟ್ಟು ಹೋಗುತ್ತಿದ್ದ. ತಟ್ಟೆ ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುತ್ತಿತ್ತು, ಬಿಲ್ಲಿಗೆ ಬರುತ್ತಿರಲಿಲ್ಲ. ಒಂಬತ್ತೂಕಾಲಕ್ಕೆ ಎದ್ದು, ತಟ್ಟೆಯಡಿ ಹತ್ತು ರೂಪಾಯಿ ಸಿಕ್ಕಿಸಿ, ಅಂಬರನಾಥ ಲೋಕಲ್ ಹಿಡಿಯಲು ಹೊರಡುತ್ತಿದ್ದರು.

ನಾನು ಹೋಟೆಲಿನವನಲ್ಲ, ಹೋಟೆಲಿನವರ ಲೆಕ್ಕ ಬರೆದು ಬದುಕಿದವನು. ಲೆಕ್ಕದವನ ಕಣ್ಣಿಗೆ ಇದು ಶುದ್ಧ ನಷ್ಟವಾಗಿ ಕಂಡಿತು. ಒಂದೂವರೆ ಗಂಟೆ ಒಂದು ಕುರ್ಚಿ, ಅದಕ್ಕೆ ಒಂದೇ ಕ್ವಾರ್ಟರ್! ಒಂದು ದಿನ ಗಲ್ಲಾದಲ್ಲಿದ್ದ ಮಾಲಕರಿಗೆ ಹೇಳಿಯೂ ಬಿಟ್ಟೆ. ಕಾರ್ಕಳ ಕಡೆಯವರು, ಸಪ್ಲೈಯರ್ ಆಗಿ ಶುರುಮಾಡಿ ಪಾಲುದಾರರಾದವರು. ನೋಟು ಎಣಿಸುವುದನ್ನು ನಿಲ್ಲಿಸದೆ ಹೇಳಿದರು: "ರಾಯರೇ, ಅವರು ಬರುವುದು ಕುಡಿಯಲಿಕ್ಕೆ ಅಲ್ಲ, ಕೂತುಕೊಳ್ಳಲಿಕ್ಕೆ. ಕುಡಿಯುವುದು ಕೂತದ್ದರ ಬಾಡಿಗೆ."

ಬಾರ್ ಯಾಕೆ ನಡೆಯುತ್ತದೆ, ಯಾಕೆ ಮುಳುಗುತ್ತದೆ ಎಂದು ಯಾರೇ ಕೇಳಿದರೂ ನನಗೆ ಈ ಮಾತೇ ನೆನಪಾಗುತ್ತದೆ. ಸಾಮಾನ್ಯವಾಗಿ ಸಿಗುವ ಉತ್ತರಗಳು ಬೇರೆ: ಜಾಗ ಒಳ್ಳೆಯದಿರಬೇಕು, ಎಸಿ ತಣ್ಣಗಿರಬೇಕು, ಬೊಂಬಿಲ್ ಫ್ರೈ ಗರಿಗರಿಯಾಗಿರಬೇಕು. ಸುಳ್ಳಲ್ಲ. ಆದರೆ ಅದೇ ರಸ್ತೆಯಲ್ಲಿ, ಅದೇ ಮೀನು ಹುರಿಯುವ ಎರಡು ಬಾರ್‌ಗಳಲ್ಲಿ ಒಂದು ತುಂಬಿ ಇನ್ನೊಂದು ನೊಣ ಹೊಡೆಯುವುದಕ್ಕೆ ಅವು ಕಾರಣ ಹೇಳುವುದಿಲ್ಲ. ಮಾರುವ ಸರಕಂತೂ ಎಲ್ಲ ಕಡೆ ಒಂದೇ. ಬಾಟಲಿಯೊಳಗಿನದನ್ನು ಯಾವ ಶೆಟ್ಟರೂ ತಮ್ಮ ಅಡುಗೆಮನೆಯಲ್ಲಿ ಮಾಡುವುದಿಲ್ಲ. ಪಕ್ಕದ ವೈನ್ ಶಾಪಿನಲ್ಲಿ ಅದೇ ಕ್ವಾರ್ಟರ್ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಆ ಹೆಚ್ಚಿನ ದುಡ್ಡನ್ನು ಗಿರಾಕಿ ಕುರ್ಚಿಗೆ ಕೊಡುತ್ತಾನೆ.

ಉಡುಪಿ ಹೋಟೆಲಿನ ವಿದ್ಯೆ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದಲೂ ಕರಾವಳಿಯ ನಮ್ಮವರ ಹೆಚ್ಚುಗಾರಿಕೆ ಇದ್ದದ್ದು ಚುರುಕಿನಲ್ಲಿ. ಕೂತವನ ಮುಂದೆ ಎರಡು ನಿಮಿಷದಲ್ಲಿ ತಟ್ಟೆ, ಹದಿನೈದು ನಿಮಿಷದಲ್ಲಿ ಕುರ್ಚಿ ಖಾಲಿ, ಬೆನ್ನ ಹಿಂದೆ ಕಾಯುತ್ತಿರುವ ಮುಂದಿನವನು. ಇಡ್ಲಿಯಲ್ಲಿ ಉಳಿಯುವುದು ಪುಡಿಗಾಸು, ಅದು ಕೂಡಿ ಬರುವುದು ಕುರ್ಚಿ ತಿರುಗಿದಷ್ಟು ಸಲ. ಸಂಜೆ ಏಳರಿಂದ ಹನ್ನೊಂದರ ತನಕ ಅಲ್ಲಿ ಒಂದು ಕುರ್ಚಿ ಹದಿನಾರು ಸಲ ತಿರುಗಿದರೆ ಬಾರಿನ ಕುರ್ಚಿ ಮೂರು ಸಲ ತಿರುಗಿದರೆ ಹೆಚ್ಚು. ಹಾಗಾಗಿ ಉಡುಪಿ ಹೋಟೆಲನ್ನು ಪರ್ಮಿಟ್ ರೂಮ್ ಮಾಡಿಕೊಂಡವರು ಲೈಸೆನ್ಸಿಗಿಂತ ಕಷ್ಟದ ಇನ್ನೊಂದನ್ನು ಸಂಪಾದಿಸಬೇಕಾಯಿತು: ಕೂತವನನ್ನು ನೋಡುತ್ತ ಸುಮ್ಮನಿರುವ ತಾಳ್ಮೆ. ಊರಿನಲ್ಲಿ ಗಡಂಗಿನ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದ ಮನೆಗಳ ಹುಡುಗರು ಇಲ್ಲಿ ಕಟೀಲು ದುರ್ಗಾಪರಮೇಶ್ವರಿಯ ಪಟಕ್ಕೆ ಊದುಬತ್ತಿ ಹಚ್ಚಿ, ಅದರ ಕೆಳಗೆ ಪೆಗ್ಗು ಅಳೆಯುವುದನ್ನು ಕಲಿತರು. ಅದನ್ನು ನಾನು ಆಡಿಕೊಳ್ಳುವುದಿಲ್ಲ. ಆ ದುಡ್ಡಿನಲ್ಲೇ ಊರಿನ ಎಷ್ಟೋ ಶಾಲೆಗಳ ಮಾಡಿಗೆ ಹೆಂಚು ಬಿತ್ತು.

ಪರ್ಮಿಟ್ ರೂಮ್ ಎಂಬ ಹೆಸರೇ ಒಂದು ತಮಾಷೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಂದಿಗೂ ಸತ್ತಿಲ್ಲ. ಅದರ ಪ್ರಕಾರ ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು. ಒಂದು ದಿನದ್ದಕ್ಕೆ ಐದು ರೂಪಾಯಿ, ದೇಶಿ ದಾರೂವಿಗಾದರೆ ಎರಡು. ಇಂಗ್ಲೆಂಡಿನಲ್ಲಿ ಕಂಟ್ರಿ ಪಬ್ ಅಂದರೆ ಚರ್ಚಿನ ಪಕ್ಕದ ಹಳ್ಳಿಯ ಬಿಯರ್ ಅಂಗಡಿ. ಮುಂಬಯಿಯಲ್ಲಿ ಕಂಟ್ರಿ ಬಾರ್ ಅಂದರೆ ಆ ಎರಡು ರೂಪಾಯಿಯವನು ಸಂತ್ರಾ ಎಂಬ ದೇಶಿ ದಾರೂ ಗುಟುಕರಿಸುವ ಜಾಗ. ಮೊರಾರ್ಜಿ ದೇಸಾಯಿಯವರ ಕಾಲದ ಆ ನಿಷೇಧದಲ್ಲಿ ಜನ ಕುಡಿಯುವುದನ್ನು ಬಿಡಲಿಲ್ಲ, ಗಲ್ಲಿಗಲ್ಲಿಯ 'ಆಂಟಿ' ಅಡ್ಡೆಗಳಿಗೆ ಹೋದರು. ಯಾವಳೋ ಆಂಟಿಯ ಮನೆಯ ಪಡಸಾಲೆ, ನಾಲ್ಕು ಸ್ಟೂಲು, ಪರಿಚಯದ ಮುಖ. ಅಲ್ಲೂ ಸಿಗುತ್ತಿದ್ದದ್ದು ದಾರೂ ಜೊತೆಗೆ ಒಂದು ಕೂರುವ ಜಾಗ.

ಈ ಊರಿನಲ್ಲಿ ಕೂರುವ ಜಾಗಕ್ಕೆ ಯಾಕಿಷ್ಟು ಬೆಲೆ ಎಂದು ಚಾಳಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಹತ್ತಡಿ-ಹನ್ನೆರಡಡಿಯ ಖೋಲಿಯಲ್ಲಿ ಅಪ್ಪ ಮಲಗಿದ್ದಾರೆ, ಮಗಳು ಓದುತ್ತಿದ್ದಾಳೆ, ಕುಕ್ಕರ್ ಕೂಗುತ್ತಿದೆ. ಆಫೀಸಿಗೂ ಮನೆಗೂ ನಡುವೆ ಒಂದು ಗಂಟೆ ಯಾರ ಮಗನೂ ಯಾರ ಅಪ್ಪನೂ ಆಗದೆ ಇರಲು ಜಾಗವೆಲ್ಲಿ? ಸ್ಟೇಷನ್ನಿಗೂ ಮನೆಗೂ ನಡುವಿನ ದಾರಿಯಲ್ಲಿರುವ ಬಾರ್ ಗೆಲ್ಲುತ್ತದೆ ಎಂಬ ನಂಬಿಕೆಯ ಮೂಲ ಇದು. ಗಿರಾಕಿ ಹುಡುಕಿಕೊಂಡು ಬರಬೇಕಾದ ಬಾರಿಗೆ ಶನಿವಾರವಷ್ಟೇ ಉಂಟು. ದಾರಿಯಲ್ಲಿ ಸಿಗುವ ಬಾರಿಗೆ ಮಂಗಳವಾರವೂ ಉಂಟು. ನಾನು ಬರೆದ ಲೆಕ್ಕದ ಪುಸ್ತಕಗಳಲ್ಲಿ ಉಳಿದುಕೊಂಡವೆಲ್ಲ ಮಂಗಳವಾರದ ಬಾರ್‌ಗಳು.

ಹಾಗಿದ್ದರೆ ಸೋಲುವುದೇಕೆ? ಕೂತವನನ್ನು ಸಹಿಸುವ ಶಕ್ತಿ ಮಾಲಕನಿಂದ ಹೋದಾಗ ಸೋಲುತ್ತದೆ. ಆ ಶಕ್ತಿ ಬರುವುದು ಒಳ್ಳೆಯ ಗುಣದಿಂದ ಎಂದುಕೊಂಡರೆ ತಪ್ಪು. ಅದು ಬರುವುದು ಕಡಿಮೆ ಬಾಡಿಗೆಯಿಂದ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಡಿಗೆ ಹೆಪ್ಪುಗಟ್ಟಿದ್ದ, ಮುಂಗಡವಾಗಿ ಪಗಡಿ ಕೊಟ್ಟು ಹಿಡಿದ ಜಾಗಗಳಲ್ಲಿ ಒಂದು ಕುರ್ಚಿ ಒಂದು ಗಂಟೆ ಸುಮ್ಮನಿದ್ದರೆ ಮಾಲಕನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಫೋರ್ಟು, ಗಿರಗಾಂವ್, ದಾದರಿನ ಹಳೆಯ ಬಾರ್‌ಗಳ ಔದಾರ್ಯದಲ್ಲಿ ಅರ್ಧ ಪಾಲು ಆ ಕಾಯ್ದೆಯದು. ಜಹಾಂಗೀರ್ ಆರ್ಟ್ ಗ್ಯಾಲರಿಯ ಸಮೋವಾರ್ ಕೆಫೆ 1964ರಿಂದ 2015ರವರೆಗೆ ಒಂದು ಬಿಯರಿಗೆ, ಒಂದು ಚಹಾಕ್ಕೆ ಚಿತ್ರಕಾರರನ್ನೂ ಕವಿಗಳನ್ನೂ ಗಂಟೆಗಟ್ಟಲೆ ಕೂರಿಸಿತು. ಅದು ಗಿರಾಕಿಗಳಿಲ್ಲದೆ ಮುಚ್ಚಲಿಲ್ಲ. ಜಾಗ ಗ್ಯಾಲರಿಗೆ ವಾಪಸು ಹೋಯಿತು.

ಈಗ 'ಕಂಡಕ್ಟಿಂಗ್' ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮವರ ಬಾರ್‌ಗಳನ್ನು ಒಳಗಿನಿಂದ ತಿಂದದ್ದು ಇದೇ. ಮಾಲಕರಿಗೆ ವಯಸ್ಸಾಗುತ್ತದೆ. ಮಗ ಇಂಜಿನಿಯರ್, ಸೊಸೆ ಡಾಕ್ಟರ್, ಇಬ್ಬರಿಗೂ ಗಲ್ಲಾ ಬೇಡ. ಲೈಸೆನ್ಸು ಮಾತ್ರ ಬಂಗಾರ, ಮಾರಲು ಮನಸ್ಸಿಲ್ಲ. ಆಗ ಇನ್ನೊಬ್ಬನಿಗೆ ನಡೆಸಲು ಕೊಡುತ್ತಾರೆ: ಡಿಪಾಸಿಟ್ ಇಷ್ಟು, ತಿಂಗಳಿಗೆ ಇಷ್ಟು. ಕಾಗದದಲ್ಲಿ ಬಹಳ ಸಲ ಹನ್ನೊಂದು ತಿಂಗಳ ಅವಧಿ. ಆ ನಡೆಸುವವನ ಸ್ಥಿತಿ ಯೋಚಿಸಿ. ಹನ್ನೊಂದು ತಿಂಗಳಲ್ಲಿ ಅವನು ಹಾಕಿದ್ದನ್ನು ಎತ್ತಬೇಕು. ಹನ್ನೆರಡು ವರ್ಷದ ಗಿರಾಕಿಯನ್ನು ಬೆಳೆಸಿ ಅವನಿಗೇನಾಗಬೇಕು? ಮೊದಲು ಚಖಣಾಕ್ಕೆ ಬಿಲ್ಲು ಬರುತ್ತದೆ. ಆಮೇಲೆ ಸಪ್ಲೈಯರ್ ಇಪ್ಪತ್ತು ನಿಮಿಷಕ್ಕೊಮ್ಮೆ ಬಂದು "ಔರ್ ಕುಛ್?" ಎಂದು ಕೇಳುತ್ತಾನೆ, ಮೂರನೆಯ ಸಲದ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಳೆಯ ಸಪ್ಲೈಯರುಗಳು ಬಿಟ್ಟು ಹೋಗುತ್ತಾರೆ, ಗಿರಾಕಿಯ ಮುಖ ನೋಡಿ ಬ್ರ್ಯಾಂಡ್ ಹೇಳಬಲ್ಲವರು ಉಳಿಯುವುದಿಲ್ಲ. ಒಂದು ದಿನ ಆರ್ಕೆಸ್ಟ್ರಾ ಶುರುವಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 1989ರಲ್ಲಿ ಬ್ರಿಟಿಷ್ ಸರಕಾರ, ದೊಡ್ಡ ಬಿಯರ್ ಕಂಪನಿಗಳ ಹಿಡಿತ ಸಡಿಲಿಸುತ್ತೇವೆಂದು, ಎರಡು ಸಾವಿರಕ್ಕಿಂತ ಹೆಚ್ಚು ಪಬ್ಬುಗಳಿದ್ದವರ ಮೇಲೆ ಮಿತಿ ಹೇರಿತು. ಅವರು ಬಿಟ್ಟುಕೊಟ್ಟ ಪಬ್ಬುಗಳಲ್ಲಿ ಬಹಳಷ್ಟು ಸೇರಿದ್ದು ಬಿಯರ್ ಮಾಡದ, ಪಬ್ ನಡೆಸದ, ಬಾಡಿಗೆ ಮಾತ್ರ ಎಣಿಸುವ ಕಂಪನಿಗಳ ಕೈಗೆ. ಒಳಗಿದ್ದ ಬಾಡಿಗೆದಾರ ದುಬಾರಿ ಬಾಡಿಗೆಯನ್ನೂ ಕೊಟ್ಟು, ಅವರು ಹೇಳಿದ ದರಕ್ಕೇ ಬಿಯರನ್ನೂ ಕೊಳ್ಳಬೇಕಾಯಿತು. ನಮ್ಮ ಕಂಡಕ್ಟಿಂಗಿಗೂ ಅದಕ್ಕೂ ಬಣ್ಣ ಮಾತ್ರ ಬೇರೆ. ಇದಕ್ಕೆ ಮದ್ದನ್ನೂ ಅಲ್ಲಿಯ ಹಳ್ಳಿಯವರೇ ಹುಡುಕಿದರು: ಕಂಬ್ರಿಯದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯಲ್ಲಿ 2003ರಲ್ಲಿ ಊರವರು ಸಹಕಾರಿ ಕಟ್ಟಿ 'ಓಲ್ಡ್ ಕ್ರೌನ್' ಪಬ್ಬನ್ನು ತಾವೇ ಕೊಂಡರು. ಕೂರುವವನೇ ಒಡೆಯನಾದರೆ ಅವನನ್ನು ಏಳಿಸುವವರಾರು?

ಸುಲಭದ ದುಡ್ಡಿನ ಹಾದಿಯನ್ನೂ ನಮ್ಮವರಲ್ಲಿ ಕೆಲವರು ಹಿಡಿದು ನೋಡಿದರು. ಡಾನ್ಸ್ ಬಾರಿನಲ್ಲಿ ಗಳಿಕೆ ಕುರ್ಚಿಯಿಂದ ಬರುತ್ತಿರಲಿಲ್ಲ, ಗಾಳಿಯಲ್ಲಿ ಹಾರುವ ನೋಟಿನಿಂದ ಬರುತ್ತಿತ್ತು. 2005ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ನಿಷೇಧಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ನಿಲ್ಲದೆಂದಿತು. ಅಷ್ಟರಲ್ಲಿ ಎಂಟು ವರ್ಷ ಹೋಗಿತ್ತು. ಕುಣಿಯುತ್ತಿದ್ದ ಹೆಣ್ಣುಮಕ್ಕಳ ಪಾಡು ಬೇರೆಯೇ ಕತೆ, ಅದನ್ನು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ವ್ಯಾಪಾರದ ಮಟ್ಟಿಗೆ ಹೇಳುವುದಾದರೆ, ನಿಷೇಧದ ಮರುದಿನ ಆ ಬಾರ್‌ಗಳಲ್ಲಿ ಸುಮ್ಮನೆ ಬಂದು ಕೂರುವವನು ಒಬ್ಬನೂ ಉಳಿದಿರಲಿಲ್ಲ. ಅವನನ್ನು ಮಾಲಕರು ಎಂದೋ ಓಡಿಸಿದ್ದರು.

ಹೊಸ ಪಬ್ಬುಗಳನ್ನೂ ಕಾಡಿದ್ದು ಬಾಡಿಗೆಯೇ. 1982ರ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಪರೇಲಿನ ಆ ಅಂಗಳಗಳಲ್ಲಿ ಗಾಜಿನ ಕಟ್ಟಡ, ಅವುಗಳ ತಾರಸಿಯಲ್ಲಿ ಪಬ್ಬು ಬಂದವು. ಒಂದು ಅಡಿಗೆ ಇಷ್ಟು ಎಂದು ಬಾಡಿಗೆ ಕೊಡುವಲ್ಲಿ ಖಾಲಿ ಬಿಟ್ಟ ಪ್ರತಿ ಅಡಿಯೂ ಕಣ್ಣು ಚುಚ್ಚುತ್ತದೆ, ಜನರನ್ನು ಒತ್ತಿ ತುಂಬುವ ಆಸೆ ಹುಟ್ಟುತ್ತದೆ. 2017ರ ಡಿಸೆಂಬರ್ 28ರ ನಡುರಾತ್ರಿ ದಾಟಿದ ಮೇಲೆ ಕಮಲಾ ಮಿಲ್ಸ್ ಆವರಣದ ತಾರಸಿಯ ಬೆಂಕಿಯಲ್ಲಿ 14 ಜನ ಸತ್ತರು. ಅಂಥ ಪಬ್ಬುಗಳು ಎರಡು-ಮೂರು ವರ್ಷಕ್ಕೊಮ್ಮೆ ಹೆಸರು ಬದಲಿಸುವುದನ್ನು ಯಶಸ್ಸೆಂದು ಕರೆಯುವವರಿದ್ದಾರೆ; ನಾನಂತೂ ಕರೆಯಲಾರೆ.

ಬಾರ್ ಮುಳುಗಿಸುವುದರಲ್ಲಿ ಸರಕಾರದ ಪಾಲೂ ಸಣ್ಣದಲ್ಲ. 2023ರ ನವೆಂಬರಿನಲ್ಲಿ ಪರ್ಮಿಟ್ ರೂಮಿನಲ್ಲಿ ಬಡಿಸುವ ಮದ್ಯದ ಮೇಲಿನ ವ್ಯಾಟ್ ಶೇ 5ರಿಂದ ಶೇ 10ಕ್ಕೆ ಏರಿತು, 2025ರಲ್ಲಿ ಅಬಕಾರಿ ಸುಂಕವೂ ಏರಿತು. ಆ ವರ್ಷದ ಜುಲೈ 14ರಂದು ಮಹಾರಾಷ್ಟ್ರದ ಬಾರ್‌ಗಳು ಒಂದು ದಿನ ಬಾಗಿಲು ಹಾಕಿ ಪ್ರತಿಭಟಿಸಿದವು. ಮಾಲಕರ ಗೋಳು ನಿಜ. ಬಡಿಸುವುದರ ಮೇಲೆ ತೆರಿಗೆ ಹಾಕಿದರೆ ಕುಡಿಯುವುದು ಕಡಿಮೆಯಾಗುವುದಿಲ್ಲ. ವೈನ್ ಶಾಪಿನಿಂದ ಬಾಟಲಿ ಕೊಂಡು ಕಾರಿನಲ್ಲೋ ಸಮುದ್ರದಂಡೆಯ ಬಂಡೆಯ ಮೇಲೋ ಕುಡಿಯುತ್ತಾರೆ, ಅಷ್ಟೆ.

ಕುಡಿತ ಮನೆ ಮುರಿಯುತ್ತದೆ, ಅದಕ್ಕೇಕೆ ಇಷ್ಟು ವಕಾಲತ್ತು ಎನ್ನುವವರು ಇದ್ದಾರೆ. ಮುರಿದ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ 2015ರ ಜೂನಿನಲ್ಲಿ ಮಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಲೈಸೆನ್ಸಿರುವ ಬಾರಿನಲ್ಲಲ್ಲ, ಕಳ್ಳಭಟ್ಟಿಯಿಂದ. ಪರ್ಮಿಟ್ ರೂಮಿನ ಮೇಲೆ ನನಗಿರುವ ದೊಡ್ಡ ದೂರು ಬೇರೆ: ಈ ಕುರ್ಚಿ ಗಂಡಸಿಗೆ ಮಾತ್ರ. ಇಡೀ ದಿನ ದುಡಿದು ಅದೇ ಲೋಕಲಿನಲ್ಲಿ ನೇತಾಡಿಕೊಂಡು ಬರುವ ಹೆಂಗಸಿಗೂ ಒಂದು ಗಂಟೆ ಬೇಕಲ್ಲ? ಅವಳಿಗೆ ನಮ್ಮವರು ಕೊಟ್ಟದ್ದು ಮಹಡಿಯ ಮೇಲಿನ 'ಫ್ಯಾಮಿಲಿ ರೂಮ್', ಅದೂ ಗಂಡನ ಜೊತೆಗೆ ಬಂದರೆ.

ಕುರ್ಲಾದ ಆ ಬಾರು ಈಗ ಕಂಡಕ್ಟಿಂಗಿಗೆ ಹೋಗಿದೆ. ಮೂರನೆಯ ಟೇಬಲ್ಲಿದ್ದಲ್ಲಿ ಎರಡು ಟೇಬಲ್ಲು ತುರುಕಿದ್ದಾರೆ. ಊರಿನಲ್ಲಿ ಕೂತು ತಿಂಗಳ ದುಡ್ಡು ಎಣಿಸುವ ಮಾಲಕರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಮುಂಬಯಿಗೆ ಬಂದಾಗ ಗಲ್ಲಾದ ಹಿಂದೆ ಹೋಗಬೇಡಿ. ಏಳೂಮುಕ್ಕಾಲಕ್ಕೆ ಗಿರಾಕಿಯ ಹಾಗೆ ಒಳಗೆ ಬಂದು, ಒಂದೇ ಕ್ವಾರ್ಟರ್ ಹೇಳಿ, ಒಂಬತ್ತೂಕಾಲರವರೆಗೆ ಕೂತು ನೋಡಿ.